ಎಮ್ಮೆ ರಸ್ತೆಯ ಪಕ್ಕದಲ್ಲಿ ನಾಲ್ಕು ದಿನ

ಕಳೆದ ವಾರ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಹೆಂಡತಿ ಮಕ್ಕಳೊಡನೆ ಸಿಂಗಪುರಕ್ಕೆ ಹೊರಟಿದ್ದಾನಂತೆ. “ಸಾರ್, ನೀವು ಹೋಗಿ ಬಂದವರು. ಯಾವ ಹೋಟೆಲಿನಲ್ಲಿ ಇಳ್ಕೊಳ್ಳೋಣ, ಸಾಮಾನೆಲ್ಲಾ ಎಲ್ಲಿ ತಗೊಳ್ಳೋಣ, ಸ್ವಲ್ಪ ಹೇಳಿ” ಎಂದ. ನಾನು ಹೋಗಿದ್ದು 2008ರಲ್ಲಿ. ಅಂದಿನ ಬೆಲೆಗಳು ಇಂದು ಯಾರ ಕೆಲಸಕ್ಕೂ ಬಾರವು ಎಂದು ಹೇಳಿ ಮಾತು ಮುಗಿಸಿದೆ. ಆದರೆ ಅವನಿಗೆ ಹೇಳಬೇಕಾಗಿದ್ದ ಬೇರೊಂದು ಸಂಗತಿ ಮನಸ್ಸಿನಲ್ಲಿಯೇ ಉಳಿದುಹೋಯಿತು. ಅದು ಅವನೊಬ್ಬನಿಗೆ ಮಾತ್ರವಲ್ಲ, ನನ್ನ ಇತಿಹಾಸದ ಪಾಠಕ್ಕೆ ಕುಳಿತಿದ್ದ ನಿಮ್ಮೆಲ್ಲರಿಗೂ ಸಲ್ಲಬೇಕಾದುದು.

ನನ್ನ ತಲೆಮಾರಿನವರಿಗೆ ಹೋಟೆಲು ಎಂದರೆ ತಿಂಡಿ ತಿನ್ನುವ ಸ್ಥಳ. ಮಲಗುವುದಕ್ಕೆ ಛತ್ರವಿತ್ತು, ಅನಂತರ ಲಾಡ್ಜು ಬಂದಿತು. ಹೀಗಾಗಿ ಪ್ರವಾಸದ ಏಜೆಂಟರು ಮೂರು ಹೋಟೆಲುಗಳ ಹೆಸರು ಕೊಟ್ಟಾಗ ನನ್ನ ಶ್ರೀಮತಿ ಕೇಳಿದ ಪ್ರಶ್ನೆ ಒಂದೇ: “ಅಲ್ಲಿ ಇಡ್ಲಿ ಸಿಗುತ್ತೇನ್ರೀ?” ಮೊದಲನೆಯದು ಆರ್ಚರ್ಡ್ ರಸ್ತೆಯಲ್ಲಿತ್ತು. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಅಲ್ಲಿ ಜಾಯಿಕಾಯಿಯ ತೋಟಗಳಿದ್ದುವು. ರೋಗ ಬಡಿದು ತೋಟಗಳೆಲ್ಲ ಹಾಳಾದುವು, ಹೆಸರು ಮಾತ್ರ ಉಳಿಯಿತು. ಅಲ್ಲಿಯ ಬಾಡಿಗೆ ಕೇಳಿಯೇ ಕೈಬಿಟ್ಟೆವು. ಎರಡನೆಯದು ಬೆಂಕೂಲನ್ ರಸ್ತೆಯಲ್ಲಿ, ಮೂರನೆಯದು ಸೆರಂಗೂನ್ ರಸ್ತೆಯ ಪಕ್ಕದ ಓಣಿಯಲ್ಲಿ. ಇಡ್ಲಿಯ ಕಾರಣದಿಂದ ಮೂರನೆಯದೇ ಗೆದ್ದಿತು.

ಕೋಣೆಗೆ ಹೋಗಿ ನೋಡಿದರೆ ಕಿಟಕಿಯೇ ಇಲ್ಲ! ದೀಪ ಆರಿಸಿದರೆ ಹಗಲೋ ರಾತ್ರಿಯೋ ತಿಳಿಯದು. ಕಿಟಕಿಯುಳ್ಳ ಕೋಣೆಗೆ ಬೇರೆ ದರವಂತೆ. ಏಜೆಂಟರು ಅದನ್ನು ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಶ್ರೀಮತಿಯ ಅಸಮಾಧಾನ ಮೊದಲ ರಾತ್ರಿ ಪೂರ್ತಿ ಇದ್ದಿತು. ಮರುದಿನ ಬೆಳಿಗ್ಗೆ ಹೊರಗೆ ನಿಂತು ಕಟ್ಟಡವನ್ನು ದಿಟ್ಟಿಸಿದಾಗ ಕಾರಣ ಹೊಳೆಯಿತು. ಅದು ಹಳೆಯ ಕಾಲದ ಅಂಗಡಿಮನೆ. ಕೆಳಗೆ ವ್ಯಾಪಾರ, ಮೇಲೆ ವಾಸ. ಮುಂಭಾಗ ಕಿರಿದು, ಉದ್ದ ಬಹಳ. ಅಕ್ಕಪಕ್ಕದ ಮನೆಗೆ ಅಂಟಿದ ಗೋಡೆ. ಹಿಂದೆ ನಡುವೆ ಬಯಲು ಬಿಟ್ಟು, ನಮ್ಮ ತೊಟ್ಟಿಮನೆಯಂತೆ, ಗಾಳಿಬೆಳಕು ತರುತ್ತಿದ್ದರು. ನಮ್ಮ ವಸತಿಯಲ್ಲಿ ಆ ತೊಟ್ಟಿಯೂ ಕೋಣೆಯಾಗಿ ಹೋಗಿತ್ತು.

ಆದರೆ ಮುಂದಿನ ಜಗಲಿ ಹಾಗೆಯೇ ಇದ್ದಿತು. ಒಂದು ಮನೆಯ ಜಗಲಿ ಮುಂದಿನ ಮನೆಯ ಜಗಲಿಗೆ ಸೇರಿ, ಬೀದಿಯ ಉದ್ದಕ್ಕೂ ಮಾಡಿನಡಿಯಲ್ಲಿಯೇ ನಡೆದುಹೋಗಬಹುದು. ಮಲಯ ಭಾಷೆಯಲ್ಲಿ ಇದಕ್ಕೆ ‘ಕಾಕಿ ಲೀಮಾ’, ಐದಡಿ, ಎನ್ನುತ್ತಾರೆ. ಪ್ರತಿಯೊಂದು ಮನೆಯ ಮುಂದೆ ಸದಾ ತೆರೆದಿರುವ, ಮೇಲೆ ಮುಚ್ಚಿಗೆಯುಳ್ಳ ದಾರಿ ಇರತಕ್ಕದ್ದು ಎಂದು 1822ರಲ್ಲಿ ವಿಧಿಸಿದವನು ಸ್ಟಾಂಫರ್ಡ್ ರಾಫಲ್ಸ್. ಅದೇ ವರ್ಷ ಅವನ ಆದೇಶದಂತೆ ಲೆಫ್ಟಿನೆಂಟ್ ಜಾಕ್ಸನ್ ಎಂಬಾತ ಪಟ್ಟಣದ ನಕ್ಷೆ ಸಿದ್ಧಪಡಿಸಿದ. ಯುರೋಪಿಯನ್ನರು ಇಲ್ಲಿ, ಚೀನೀಯರು ನದಿಯ ಆಚೆ, ಸುಲ್ತಾನ, ಅರಬರು, ಬೂಗಿಗಳು ಕಂಪೋಂಗ್ ಗ್ಲಾಮಿನ ಕಡೆ, ತಮಿಳು ನಾಡಿನ ಚೂಲಿಯರು ನದಿಯ ಮೇಲ್ಭಾಗದಲ್ಲಿ ಎಂದು ಗೆರೆ ಎಳೆಯಲಾಯಿತು. ನಕ್ಷೆ ಬರೆದು ಆಳುವ ವಿದ್ಯೆ ಕಂಪನಿಗೆ ಹೊಸದಲ್ಲ. ಟಿಪ್ಪುವಿನ ಪತನದ ನಂತರ ನಮ್ಮ ಮೈಸೂರು ಸೀಮೆಯನ್ನು ಅಳೆದ, ಕೈಫಿಯತ್ತುಗಳನ್ನು ಕಲೆಹಾಕಿದ ಕರ್ನಲ್ ಮೆಕೆಂಜಿಯೇ 1811ರಲ್ಲಿ ಜಾವಾ ದಂಡಯಾತ್ರೆಗೂ ಹೋಗಿದ್ದ. ಗೆದ್ದ ಜಾವಾದ ಆಡಳಿತ ರಾಫಲ್ಸನ ಕೈಗೆ ಬಂದಿತ್ತು.

ವಿಶೇಷವೆಂದರೆ ನಾವಿದ್ದ ಸೆರಂಗೂನ್ ರಸ್ತೆಯ ಭಾರತೀಯರ ಬಡಾವಣೆ ಆ ನಕ್ಷೆಯಲ್ಲಿ ಇಲ್ಲವೇ ಇಲ್ಲ. ಅದು ಯಾರ ಆದೇಶದಿಂದಲೂ ಹುಟ್ಟಿದ್ದಲ್ಲ. ರೋಚೋರ್ ಕಾಲುವೆಯ ನೀರು, ಹುಲ್ಲು ಇದ್ದುದರಿಂದ ದನಕರುಗಳ ವ್ಯಾಪಾರ ಅಲ್ಲಿ ಬೆಳೆಯಿತು. ಪಕ್ಕದಲ್ಲಿ ಕುದುರೆ ಪಂದ್ಯದ ಮೈದಾನ, ಇನ್ನೊಂದು ಕಡೆ ಇಟ್ಟಿಗೆಯ ಗೂಡು, ಸುಣ್ಣದ ಗೂಡು. ದುಡಿಯುವವರು ದುಡಿಮೆಯ ಹತ್ತಿರವೇ ಬಿಡಾರ ಹೂಡಿದರು. ಅಲ್ಲಿಯ ವೀರಮಾಕಾಳಿಯಮ್ಮನ ಗುಡಿಯನ್ನು ಹಿಂದೆ ‘ಸುಣ್ಣಾಂಬು ಕಂಬಂ’ ಕೋವಿಲ್, ಅಂದರೆ ಸುಣ್ಣದ ಹಳ್ಳಿಯ ಗುಡಿ, ಎಂದು ಕರೆಯುತ್ತಿದ್ದರಂತೆ. ಬಫಲೋ ರಸ್ತೆ ಒಂದಿದೆ; ಸಮೀಪದಲ್ಲಿಯೇ ಕೆರ್ಬಾವ್ ರಸ್ತೆ. ಕೆರ್ಬಾವ್ ಎಂದರೂ ಮಲಯದಲ್ಲಿ ಎಮ್ಮೆಯೇ! ಎರಡು ಭಾಷೆಗಳಲ್ಲಿ ಎಮ್ಮೆಯನ್ನು ನೆನೆಯುವ ಬೀದಿಗಳಲ್ಲಿ ನಾನು ಒಂದು ಎಮ್ಮೆಯನ್ನೂ ಕಾಣಲಿಲ್ಲ.

ಆ ಬಫಲೋ ರಸ್ತೆಯ ಮಗ್ಗುಲಲ್ಲಿಯೇ ತೆಕ್ಕಾ ಮಾರುಕಟ್ಟೆ. ಹಳೆಯ ಕಟ್ಟಡ 1915ರದು. ನಾವು ಕಂಡದ್ದು 1982ರಲ್ಲಿ ತೆರೆದ ಹೊಸತು. ನುಗ್ಗೆಕಾಯಿ, ಕರಿಬೇವು, ಬಾಳೆ ಎಲೆ ಕಂಡೊಡನೆ ಶ್ರೀಮತಿಯ ಮುಖ ಅರಳಿತು, ಕಿಟಕಿಯಿಲ್ಲದ ಕೋಣೆ ಕ್ಷಮಿಸಲ್ಪಟ್ಟಿತು. ಹೂವಿನ ಅಂಗಡಿಯ ಮುದುಕಿಯೊಡನೆ ಈಕೆ ಕನ್ನಡದಲ್ಲಿ, ಆಕೆ ತಮಿಳಿನಲ್ಲಿ ಅರ್ಧ ಗಂಟೆ ಮಾತನಾಡಿದರು. ಮಲ್ಲಿಗೆಯ ಬೆಲೆ ಮಾತ್ರ ಒಂದು ಸೆಂಟೂ ಇಳಿಯಲಿಲ್ಲ. ಮೀನಿನ ಸಾಲಿನ ಕಡೆಗೆ ನಾವು ಹೋಗಲಿಲ್ಲವಾದ್ದರಿಂದ ಅದರ ವರ್ಣನೆ ಬೇರೆಯವರಿಂದ ಕೇಳಿರಿ.

ಮೂರನೆಯ ದಿನ ನಾವು ಬಿಟ್ಟುಬಂದಿದ್ದ ಬೆಂಕೂಲನ್ ರಸ್ತೆಗೆ ಹೋದೆವು. ಬೆಂಕೂಲನ್ ಸುಮಾತ್ರಾದ ಊರು. ರಾಫಲ್ಸ್ ಅಲ್ಲಿಯ ಅಧಿಕಾರಿಯಾಗಿದ್ದ. ಆ ಹೆಸರು ಇಲ್ಲಿಗೆ ಹೇಗೆ ಬಂದಿತು ಎಂಬ ಕುತೂಹಲ ಊರಿಗೆ ಮರಳಿದ ಮೇಲೂ ಬಿಡಲಿಲ್ಲ, ಓದುತ್ತ ಹೋದೆ. 1824ರ ಒಪ್ಪಂದದಂತೆ ಕಂಪನಿಯು ಬೆಂಕೂಲನ್ನನ್ನು ಡಚ್ಚರಿಗೆ ಬಿಟ್ಟುಕೊಟ್ಟಿತು. ಅಲ್ಲಿದ್ದ ಭಾರತೀಯ ಕೈದಿಗಳನ್ನು 1825ರ ಏಪ್ರಿಲಿನಿಂದ ಹಡಗಿನಲ್ಲಿ ಸಿಂಗಪುರಕ್ಕೆ ಸಾಗಿಸಲಾಯಿತು. ಮೊದಲ ತಂಡದಲ್ಲಿ 80 ಜನ, ಮದ್ರಾಸ್ ಪ್ರಾಂತದ ಕಡೆಯವರು. ಆಮೇಲೆ ಬಂಗಾಳದವರು, ಮುಂಬಯಿಯವರು. ಕಾಡು ಕಡಿದವರು, ರಸ್ತೆ ಹಾಕಿದವರು, ಇಟ್ಟಿಗೆ ಸುಟ್ಟವರು ಇವರು. ಕೈದಿಗಳಿಗೆ ಕೈದಿಗಳಲ್ಲಿಯೇ ಆರಿಸಿದ ಕಾವಲುಗಾರರು ಇರುತ್ತಿದ್ದರೆಂದು ಅಲ್ಲಿಯ ಅಧಿಕಾರಿಯಾಗಿದ್ದ ಮೆಕ್‌ನೇರ್ 1899ರ ತನ್ನ ಗ್ರಂಥದಲ್ಲಿ ಬರೆದಿದ್ದಾನೆ. ಈ ವ್ಯವಸ್ಥೆ ಮುಗಿದದ್ದು 1873ರಲ್ಲಿ. ಬಿಡುಗಡೆಯಾದವರಲ್ಲಿ ಅನೇಕರು ಊರಿಗೆ ಮರಳದೆ ಅಲ್ಲಿಯೇ ನೆಲೆಸಿದರು.

ನಾವು ನೋಡಿ, ಬೆಳ್ಳಗಿದೆ ಎಂದು ಮೆಚ್ಚಿ, ಮುಂದೆ ನಿಂತು ಚಿತ್ರ ತೆಗೆಸಿಕೊಂಡ ಸೇಂಟ್ ಆಂಡ್ರೂಸ್ ಇಗರ್ಜಿಯನ್ನೂ 1856ರಿಂದ ಈ ಕೈದಿಗಳೇ ಕಟ್ಟಿದರು. ಅದರ ಒಳಗೋಡೆಯ ಗಾರೆ ಮದ್ರಾಸಿನ ಪದ್ಧತಿಯದು: ಚಿಪ್ಪಿನ ಸುಣ್ಣ, ಮೊಟ್ಟೆಯ ಬಿಳಿಭಾಗ, ಒರಟು ಸಕ್ಕರೆ, ತೆಂಗಿನ ಸಿಪ್ಪೆ ನೆನೆಸಿದ ನೀರು, ಒಣಗಿದ ಮೇಲೆ ನುಣುಪಾಗುವವರೆಗೆ ಕಲ್ಲಿನಿಂದ ಉಜ್ಜುವುದು. ನಮ್ಮ ಅಜ್ಜನ ಮನೆಯ ಗೋಡೆಗೆ ಬೆಲ್ಲ ಕಲಸಿದ ಗಾರೆ ಬಳಿದಿದ್ದರೆಂದು ಅಜ್ಜಿ ಹೇಳುತ್ತಿದ್ದುದು ನೆನಪಾಯಿತು.

ಈಗ ನಿಮಗೆ ಸಲ್ಲಬೇಕಾದ ಮಾತು. ‘1819ರಲ್ಲಿ ರಾಫಲ್ಸನು ಸಿಂಗಪುರವನ್ನು ಸ್ಥಾಪಿಸಿದನು’ ಎಂದು ನಾನು ವರ್ಷಗಟ್ಟಲೆ ಉಕ್ತಲೇಖನ ಹೇಳಿದ್ದೇನೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, “ಸಾರ್, ಅಷ್ಟು ದೊಡ್ಡ ಊರನ್ನ ಅವನೊಬ್ಬನೇ ಹೇಗೆ ಕಟ್ಟಿದ?” ಎಂದ. ತರಗತಿ ನಕ್ಕಿತು. ನಾನೂ ನಕ್ಕು, “ಪರೀಕ್ಷೆಗೆ ಬರೋದಿಲ್ಲ, ಕೂತ್ಕೋ” ಎಂದೆ. ಮೂರು ಬಾರಿ ಬಂದು ರಾಫಲ್ಸ್ ಅಲ್ಲಿದ್ದ ಕಾಲವನ್ನೆಲ್ಲ ಕೂಡಿಸಿದರೂ ಒಂದು ವರ್ಷ ತುಂಬುವುದಿಲ್ಲ. ಮೊದಲ ನಾಲ್ಕು ವರ್ಷ ಊರನ್ನು ನಡೆಸಿದವನು ಫರ್ಕುಹಾರ್. ಕರಿನೀರಿನ ಶಿಕ್ಷೆ ಎಂದರೆ ಅಂಡಮಾನ್ ಎಂದಷ್ಟೇ ಕಲಿಸಿದೆ. ಅಂಡಮಾನಿನ ಸೆರೆವಾಸ ಆರಂಭವಾದ 1858ಕ್ಕೆ ಮೊದಲೇ ಮೂರು ದಶಕ ನಮ್ಮವರು ಸಿಂಗಪುರದಲ್ಲಿ ಕಲ್ಲು ಹೊತ್ತಿದ್ದರೆಂದು ನನಗೇ ತಿಳಿದಿರಲಿಲ್ಲ. ತಿಳಿಯದೆ ಇದ್ದುದು ದೊಡ್ಡ ತಪ್ಪಲ್ಲ. ಕೇಳಿದವನನ್ನು ಕೂರಿಸಿದ್ದು ತಪ್ಪು.

ಹೊರಡುವ ದಿನ ಸುಂಗೈ ರಸ್ತೆಯ ಸಂತೆಗೆ ಹೋದೆ. ಕಳ್ಳರ ಸಂತೆ ಎಂದೇ ಅದಕ್ಕೆ ಹೆಸರು. ನೆಲದ ಮೇಲೆ ಹರಡಿದ ಹಳೆಯ ಗಡಿಯಾರ, ಕನ್ನಡಕ, ಒಂಟಿ ಬೂಟು. ಅವುಗಳ ನಡುವೆ ಒಂದು ತಾಮ್ರದ ಕಾಸು: ಕಂಪನಿಯ ಕಾಲಾಣೆ, 1835. ಸಿಂಗಪುರ 1867ರವರೆಗೂ ಕಲ್ಕತ್ತೆಯ ಆಡಳಿತದಲ್ಲಿಯೇ ಇದ್ದಿತಾದ್ದರಿಂದ ಕಾಸು ಅಲ್ಲಿಗೆ ಬಂದಿದ್ದರೆ ಆಶ್ಚರ್ಯವಿಲ್ಲ. ಚೀನೀ ಮುದುಕ ಐದು ಬೆರಳು ತೋರಿಸಿದ, ನಾನು ಎರಡು. ಮೂರು ಡಾಲರಿಗೆ ಕುದುರಿತು. ಆ ಪ್ರವಾಸದಲ್ಲಿ ನಾನು ಚೌಕಾಸಿ ಮಾಡಿ ಗೆದ್ದ ವ್ಯಾಪಾರ ಇದೊಂದೇ. ನಾಣ್ಯ ಬಲ್ಲ ಮಿತ್ರರೊಬ್ಬರು ನೋಡಿ, “ಮೇಷ್ಟ್ರೇ, ಇದು ಅಸಲಿಯೋ ನಕಲಿಯೋ ಹೇಳೋದು ಕಷ್ಟ” ಎಂದು ಗೆಲುವನ್ನು ಅರ್ಧ ಮಾಡಿದರು.

ಆ ಸಂತೆಯನ್ನು 2017ರ ಜುಲೈ 10ರಂದು ಮುಚ್ಚಿದರು. 2019ರಲ್ಲಿ ಇನ್ನೂರು ವರ್ಷದ ಸ್ಮರಣೆಗೆಂದು ನದಿಯ ದಡದ ರಾಫಲ್ಸನ ಪ್ರತಿಮೆಯ ಪಕ್ಕದಲ್ಲಿ ಇನ್ನು ನಾಲ್ವರ ಪ್ರತಿಮೆಗಳನ್ನು ಕೆಲಕಾಲ ನಿಲ್ಲಿಸಿದ್ದರು. ಅವರಲ್ಲಿ ಒಬ್ಬರು ಪಿನಾಂಗಿನಿಂದ ಬಂದು ಇಟ್ಟಿಗೆ ಗೂಡು ಹೂಡಿದ ನಾರಾಯಣ ಪಿಳ್ಳೆ. ಕೈದಿಗಳಲ್ಲಿ ಒಬ್ಬರೂ ಇರಲಿಲ್ಲ.

ಹೊರಟಿರುವ ಶಿಷ್ಯನಿಗೆ ಮತ್ತೆ ದೂರವಾಣಿ ಮಾಡಿ, ಕಿಟಕಿ ಇದೆಯೇ ಎಂದು ಕೇಳಿಯೇ ಕೋಣೆ ಗೊತ್ತುಮಾಡು, ಇಗರ್ಜಿಯ ಒಳಗೆ ಹೋದಾಗ ಗೋಡೆಯ ಗಾರೆ ನೋಡು ಎಂದು ಹೇಳಿದ್ದೇನೆ. ಹಿಂದಿನ ಬೆಂಚಿನ ಆ ಹುಡುಗ ಈಗ ಎಲ್ಲಿದ್ದಾನೋ. ಇದನ್ನು ಓದಿದರೆ ಒಮ್ಮೆ ಮನೆಗೆ ಬರಲಿ. ಕಾಲಾಣೆಯನ್ನು ಮೇಜಿನ ಡ್ರಾಯರಿನಲ್ಲಿ ಅವನಿಗಾಗಿಯೇ ಇಟ್ಟಿದ್ದೇನೆ, ಅಸಲಿಯಾಗಲಿ ನಕಲಿಯಾಗಲಿ.