ಆನ್‌ಲೈನ್ ಉದ್ಯೋಗ ತಾಣಗಳು: ಭಾರತದಲ್ಲಿ ಅವುಗಳ ಇತಿಹಾಸ

ಕೆಲಸ ಕೊಡುವವರ ಖಾಲಿ ಹುದ್ದೆಗಳನ್ನೂ ಕೆಲಸ ಬಯಸುವವರ ಸ್ವವಿವರಗಳನ್ನೂ ಒಂದೆಡೆ ಕಲೆಹಾಕಿ, ಅಂತರ್ಜಾಲದ ಮೂಲಕ ಇಬ್ಬರಿಗೂ ಸಂಪರ್ಕ ಕಲ್ಪಿಸುವ ವ್ಯವಸ್ಥೆಗೆ ಉದ್ಯೋಗ ತಾಣ ಅಥವಾ ಜಾಬ್ ಪೋರ್ಟಲ್ ಎನ್ನುತ್ತಾರೆ. ಭಾರತದಲ್ಲಿ ಇದು 1997ರಲ್ಲಿ ನೆಲೆಯೂರಿತು. ಹುದ್ದೆ ಖಾಲಿಯಿದೆ ಎಂಬ ಸುದ್ದಿ ಯಾರಿಗೆ ಮೊದಲು ಸಿಗುತ್ತದೆ, ಯಾರಿಗೆ ಸಿಗುವುದೇ ಇಲ್ಲ ಎಂಬ ಪ್ರಶ್ನೆಯನ್ನು ಹಿಡಿದು ನೋಡಿದರೆ ಈ ಇತಿಹಾಸ ಚೆನ್ನಾಗಿ ಅರ್ಥವಾಗುತ್ತದೆ.

ಹಿನ್ನೆಲೆ

ತಾಣಗಳು ಬರುವ ಮುಂಚೆ ಈ ಕೆಲಸ ಮಾಡುತ್ತಿದ್ದವು ಉದ್ಯೋಗ ವಿನಿಮಯ ಕೇಂದ್ರಗಳು. ಎರಡನೆಯ ಮಹಾಯುದ್ಧ ಮುಗಿದು ಸೇನೆಯಿಂದ ಬಿಡುಗಡೆಯಾದ ಯೋಧರಿಗಾಗಿ 1945ರಲ್ಲಿ ಶುರುವಾದ ಈ ಕೇಂದ್ರಗಳು ಕೆಲವೇ ವರ್ಷಗಳಲ್ಲಿ ಎಲ್ಲರಿಗೂ ತೆರೆದುಕೊಂಡವು. ಸರ್ಕಾರಿ ವಲಯದ ಸಂಸ್ಥೆಗಳು ಮತ್ತು 25ಕ್ಕೆ ಕಡಿಮೆಯಿಲ್ಲದಷ್ಟು ನೌಕರರಿರುವ ಖಾಸಗಿ ಸಂಸ್ಥೆಗಳು ತಮ್ಮಲ್ಲಿ ಖಾಲಿಯಾದ ಹುದ್ದೆಗಳನ್ನು ಕೇಂದ್ರಕ್ಕೆ ತಿಳಿಸಲೇಬೇಕೆಂದು 1959ರ ಕಾಯಿದೆ ಕಡ್ಡಾಯ ಮಾಡಿತು. ಕೇಂದ್ರ ಕಳಿಸಿದವರನ್ನೇ ನೇಮಿಸಿಕೊಳ್ಳಬೇಕೆಂದು ಮಾತ್ರ ಆ ಕಾಯಿದೆ ಹೇಳಲಿಲ್ಲ. ಎಸ್ಸೆಸ್ಸೆಲ್ಸಿ ಮುಗಿಯುತ್ತಲೇ ಜಿಲ್ಲಾ ಕೇಂದ್ರಕ್ಕೆ ಹೋಗಿ ಹೆಸರು ಬರೆಸಿ, ಕಾರ್ಡು ನವೀಕರಿಸುತ್ತಾ, ಕರೆಪತ್ರಕ್ಕೆ ವರ್ಷಗಟ್ಟಲೆ ಕಾದವರು ಕರ್ನಾಟಕದ ಊರೂರಲ್ಲೂ ಇದ್ದಾರೆ.

1976ರಲ್ಲಿ ಕೇಂದ್ರ ಸರ್ಕಾರ ‘ಎಂಪ್ಲಾಯ್‌ಮೆಂಟ್ ನ್ಯೂಸ್’ ವಾರಪತ್ರಿಕೆಯನ್ನು ಹೊರತಂದಿತು. 1996ರಲ್ಲಿ ಸುಪ್ರೀಂ ಕೋರ್ಟ್, ವಿಶ್ವೇಶ್ವರ ರಾವ್ ಪ್ರಕರಣದಲ್ಲಿ, ವಿನಿಮಯ ಕೇಂದ್ರದಿಂದ ಹೆಸರು ತರಿಸಿಕೊಂಡರೆ ಸಾಲದು, ಪತ್ರಿಕೆ, ರೇಡಿಯೊ, ಟೆಲಿವಿಷನ್ ಮೂಲಕವೂ ಪ್ರಕಟಣೆ ಕೊಟ್ಟು ಅರ್ಜಿ ಹಾಕಿದ ಎಲ್ಲರನ್ನೂ ಪರಿಗಣಿಸಬೇಕು ಎಂದಿತು. ತಾಣಗಳ ಯುಗದ ಹೊಸ್ತಿಲಲ್ಲಿ ಬಂದ ಈ ತೀರ್ಪಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಖಾಲಿ ಹುದ್ದೆಯ ಸುದ್ದಿ ಸಾರ್ವಜನಿಕರ ಸ್ವತ್ತು ಎಂಬ ತತ್ವ ಇದರಲ್ಲಿದೆ. ಖಾಸಗಿ ವಲಯದ ಒಳ್ಳೆಯ ಕೆಲಸಗಳು ಆಗ ಹೆಚ್ಚಾಗಿ ಇಂಗ್ಲಿಷ್ ದಿನಪತ್ರಿಕೆಗಳ ಬುಧವಾರದ ಪುರವಣಿಗಳಲ್ಲಿ ಬರುತ್ತಿದ್ದವು. ಕನ್ನಡ ಪತ್ರಿಕೆಯನ್ನಷ್ಟೇ ತರಿಸುತ್ತಿದ್ದ ಮನೆಗಳಿಗೆ ಆ ಸುದ್ದಿ ಮುಟ್ಟುವುದು ಅಪರೂಪವಾಗಿತ್ತು.

ಮೊದಲ ತಾಣಗಳು

ಅಮೆರಿಕದಲ್ಲಿ ಬಿಲ್ ವಾರೆನ್ 1992ರಲ್ಲಿ ‘ಆನ್‌ಲೈನ್ ಕೆರಿಯರ್ ಸೆಂಟರ್’ ಆರಂಭಿಸಿದರು. 1994ರಲ್ಲಿ ಜೆಫ್ ಟೇಲರ್ ಅವರ ‘ಮಾನ್‌ಸ್ಟರ್ ಬೋರ್ಡ್’ ಬಂತು. ಭಾರತದಲ್ಲಿ ವಿದೇಶ ಸಂಚಾರ ನಿಗಮ ಸಾರ್ವಜನಿಕರಿಗೆ ಅಂತರ್ಜಾಲ ಒದಗಿಸಿದ್ದು 1995ರ ಆಗಸ್ಟ್ 15ರಂದು. ಅಹಮದಾಬಾದಿನ ಐಐಎಂನಲ್ಲಿ ಓದಿದ್ದ ಸಂಜೀವ್ ಬಿಖ್‌ಚಂದಾನಿ ಹಾರ್ಲಿಕ್ಸ್ ತಯಾರಿಸುವ ಕಂಪನಿಯಲ್ಲಿದ್ದಾಗ ಒಂದು ಸಂಗತಿ ಗಮನಿಸಿದ್ದರು. ಸಹೋದ್ಯೋಗಿಗಳು ವಾಣಿಜ್ಯ ಪತ್ರಿಕೆಯನ್ನು ಹಿಂದಿನಿಂದ ತಿರುವುತ್ತಿದ್ದರು. ಕೆಲಸದ ಜಾಹೀರಾತುಗಳು ಇರುತ್ತಿದ್ದದ್ದು ಅಲ್ಲೇ. ಇರುವ ಕೆಲಸ ಚೆನ್ನಾಗಿದ್ದರೂ ಜನ ಬೇರೆ ಕೆಲಸದ ಮೇಲೆ ಕಣ್ಣಿಟ್ಟಿರುತ್ತಾರೆ ಎಂಬುದನ್ನು ಅವರು ಅಲ್ಲಿ ಕಂಡುಕೊಂಡರು. 1996ರಲ್ಲಿ ದೆಹಲಿಯ ಪ್ರದರ್ಶನವೊಂದರಲ್ಲಿ ಅಂತರ್ಜಾಲವನ್ನು ನೋಡಿ, ಅಮೆರಿಕದಲ್ಲಿದ್ದ ಅಣ್ಣನ ನೆರವಿನಿಂದ ಅಲ್ಲಿಯೇ ಸರ್ವರ್ ಬಾಡಿಗೆಗೆ ಹಿಡಿದು, 1997ರಲ್ಲಿ ‘ನೌಕ್ರಿ ಡಾಟ್ ಕಾಮ್’ ತೆರೆದರು. ಮೊದಲಿಗೆ ತಾಣದಲ್ಲಿದ್ದದ್ದು ಪತ್ರಿಕೆಗಳಿಂದ ಆರಿಸಿ ಟೈಪ್ ಮಾಡಿದ ಜಾಹೀರಾತುಗಳು.

ತಾಣದ ನಿಜವಾದ ಬಲ ಸ್ವವಿವರಗಳ ಭಂಡಾರ. ಕಂಪನಿಗಳು ಜಾಹೀರಾತು ಕೊಟ್ಟು ಕಾಯುವ ಬದಲು ತಾವೇ ಭಂಡಾರದಲ್ಲಿ ಹುಡುಕತೊಡಗಿದವು, ಹಾಗೆ ಹುಡುಕಲು ಶುಲ್ಕ ಕಟ್ಟಿದವು. ಅಭ್ಯರ್ಥಿಗೆ ನೋಂದಣಿ ಉಚಿತವಾದದ್ದು ಇದರಿಂದಲೇ. ಬೆಂಗಳೂರಿನ ಐಟಿ ವಲಯಕ್ಕೆ ಬೇಕಾಗಿದ್ದದ್ದೂ ಇಂಥದ್ದೇ: ನಿರ್ದಿಷ್ಟ ತಂತ್ರಜ್ಞಾನ ಬಲ್ಲವರನ್ನು, ಇಷ್ಟು ವರ್ಷ ಅನುಭವವುಳ್ಳವರನ್ನು ಕೂತಲ್ಲೇ ಹೆಕ್ಕುವುದು. ಇದರ ಜತೆಗೆ ಹೊಸದೊಂದು ಕಟ್ಟಳೆಯೂ ಬಂತು. ಕಂಪನಿ ಟೈಪ್ ಮಾಡುವ ಪದ ನಿಮ್ಮ ಸ್ವವಿವರದಲ್ಲಿ ಇರದಿದ್ದರೆ ನೀವು ಕಾಣಿಸಿಕೊಳ್ಳುವುದೇ ಇಲ್ಲ. ಹುಡುಕಾಟದಲ್ಲಿ ಮೇಲೆ ಕಾಣಲೆಂದು ದಿನಾ ಬೆಳಿಗ್ಗೆ ಪ್ರೊಫೈಲ್ ಅಪ್‌ಡೇಟ್ ಮಾಡುವುದು ಪೇಯಿಂಗ್ ಗೆಸ್ಟ್ ಕೋಣೆಗಳ ಫ್ರೆಶರ್‌ಗಳಿಗೆ ನಿತ್ಯವಿಧಿಯಾಯಿತು.

ಪೈಪೋಟಿಯೂ ಬೆಳೆಯಿತು. 1999ರ ‘ಜಾಬ್ಸ್‌ಅಹೆಡ್’ ತಾಣವನ್ನು 2004ರಲ್ಲಿ ಮಾನ್‌ಸ್ಟರ್ ಕೊಂಡಿತು. ಮಾನ್‌ಸ್ಟರ್‌ನ ಭಾರತದ ವಹಿವಾಟು 2018ರಲ್ಲಿ ಬೆಂಗಳೂರಿನ ಕ್ವೆಸ್ ಕಾರ್ಪ್ ಪಾಲಾಗಿ, 2022ರಲ್ಲಿ ‘ಫೌಂಡಿಟ್’ ಎಂದು ಹೆಸರು ಬದಲಿಸಿಕೊಂಡಿತು. ನೌಕ್ರಿಯ ಮಾತೃಸಂಸ್ಥೆ ಇನ್ಫೋ ಎಡ್ಜ್ 2006ರ ನವೆಂಬರಿನಲ್ಲಿ ಷೇರುಪೇಟೆಗೆ ಬಂತು.

2003ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಲಿಂಕ್ಡ್‌ಇನ್, ಕೆಲಸ ಹುಡುಕದೆ ಇರುವವರನ್ನೂ ಕಂಪನಿಗಳ ಕಣ್ಣಿಗೆ ಬೀಳುವಂತೆ ಮಾಡಿತು. 2016ರಲ್ಲಿ ಅದನ್ನು ಕೊಳ್ಳಲು ಮೈಕ್ರೊಸಾಫ್ಟ್ ಒಪ್ಪಿದ್ದು 2,620 ಕೋಟಿ ಡಾಲರಿಗೆ. ಇಂಡೀಡ್ ಹಲವು ತಾಣಗಳ ಹುದ್ದೆಗಳನ್ನು ಒಟ್ಟುಗೂಡಿಸಿತು. ಗ್ಲಾಸ್‌ಡೋರ್‌ನಲ್ಲಿ ನೌಕರರೇ ತಮ್ಮ ಕಂಪನಿಯ ಸಂಬಳ, ಸಂದರ್ಶನ, ಒಳಗಿನ ವಾತಾವರಣದ ಬಗ್ಗೆ ಬರೆದರು. ಅಲ್ಲಿಯವರೆಗೆ ಕಂಪನಿಗಳು ಅಭ್ಯರ್ಥಿಯ ಬಗ್ಗೆ ವಿಚಾರಿಸುತ್ತಿದ್ದವು. ಅಭ್ಯರ್ಥಿ ಕಂಪನಿಯ ಬಗ್ಗೆ ವಿಚಾರಿಸಲು ಸುಲಭದ ದಾರಿ ಸಿಕ್ಕಿದ್ದು ಆಮೇಲೆ.

ರೆಸ್ಯೂಮೆ ಇಲ್ಲದವರಿಗೆ

ಮೊದಲ ಹತ್ತು ವರ್ಷ ತಾಣಗಳು ನೆರವಾದದ್ದು ಪದವೀಧರರಿಗೆ, ಇಂಗ್ಲಿಷ್ ಬಲ್ಲವರಿಗೆ. ಡ್ರೈವರ್, ಅಡುಗೆಯವರು, ಮನೆಗೆಲಸದವರು, ಸೆಕ್ಯೂರಿಟಿ ಗಾರ್ಡ್‌ಗಳ ಲೋಕ ಅಲ್ಲಿ ಇರಲಿಲ್ಲ. ಆ ಕೊರತೆ ನೀಗುವ ಮಹತ್ವದ ಪ್ರಯತ್ನವೊಂದು ಬೆಂಗಳೂರಿನಲ್ಲೇ ನಡೆಯಿತು. ಮೈಕ್ರೊಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿದ್ದ ಶಾನ್ ಬ್ಲಾಗ್ಸ್‌ವೆಡ್ 2007ರಲ್ಲಿ ‘ಬಾಬಾಜಾಬ್’ ಸ್ಥಾಪಿಸಿದರು. ಡ್ಯೂಕ್ ವಿಶ್ವವಿದ್ಯಾಲಯದ ಅನಿರುದ್ಧ ಕೃಷ್ಣ ಅವರ ಅಧ್ಯಯನ ಅವರಿಗೆ ಪ್ರೇರಣೆ. ಬಡತನದಿಂದ ಮೇಲೆದ್ದ ಕುಟುಂಬಗಳಿಗೆ ಬಹಳ ಸಲ ದಾರಿಯಾದದ್ದು ಹೊಸ ಆದಾಯದ ಮೂಲ, ಅದನ್ನು ತೋರಿಸಿಕೊಟ್ಟವರು ನೆಂಟರು, ಪರಿಚಯದವರು ಎಂದು ಆ ಅಧ್ಯಯನ ಕಂಡಿತ್ತು. ಪರಿಚಯದವರೇ ಇಲ್ಲದವರಿಗೆ ಪರಿಚಯ ಒದಗಿಸುವುದು ಬಾಬಾಜಾಬ್‌ನ ಉದ್ದೇಶ. ಮಿಸ್ಡ್ ಕಾಲ್ ಕೊಟ್ಟರೆ ತಾಣದವರೇ ತಿರುಗಿ ಕರೆಮಾಡಿ ವಿವರ ಕೇಳಿಕೊಳ್ಳುತ್ತಿದ್ದರು. ಸ್ಮಾರ್ಟ್‌ಫೋನ್ ಇಲ್ಲದ, ಓದಲು ಬಾರದವರೂ ಹೀಗೆ ಒಳಗೆ ಬರಬಹುದಿತ್ತು. 2017ರಲ್ಲಿ ವರ್ಗೀಕೃತ ಜಾಹೀರಾತುಗಳ ತಾಣ ಕ್ವಿಕರ್ ಇದನ್ನು ಕೊಂಡಿತು. ಭಾರತದ ಉದ್ಯೋಗ ತಾಣಗಳಲ್ಲಿ ಇಷ್ಟು ಮಾನವೀಯವಾಗಿ ಯೋಚಿಸಿದ ಪ್ರಯೋಗ ಮತ್ತೊಂದಿಲ್ಲ ಎನ್ನಬಹುದು.

ಅಗ್ಗದ ಡೇಟಾ ಬಂದ ಮೇಲೆ ಈ ದಾರಿ ಹಿಗ್ಗಿತು. 2019ರಲ್ಲಿ ನಿರ್ಮಿತ್ ಪಾರಿಖ್ ಆರಂಭಿಸಿದ ‘ಅಪ್ನಾ’ ಆ್ಯಪ್ 2021ರ ಸೆಪ್ಟೆಂಬರಿಗೆ ನೂರು ಕೋಟಿ ಡಾಲರ್ ಮೌಲ್ಯ ದಾಟಿತು. ‘ವರ್ಕ್‌ಇಂಡಿಯಾ’ದಂಥ ಆ್ಯಪ್‌ಗಳೂ ರೆಸ್ಯೂಮೆ ಇಲ್ಲದ ಇದೇ ವರ್ಗದವರನ್ನು ನೆಚ್ಚಿ ಬಂದವು. ಇಂಥ ಆ್ಯಪ್‌ಗಳಲ್ಲಿ ಭಾರತೀಯ ಭಾಷೆಗಳಿಗೆ ಜಾಗ ಸಿಕ್ಕಿದ್ದು ದೊಡ್ಡ ಬದಲಾವಣೆ. ಆದರೂ ಗುಂಡಿಗಳು, ಸೂಚನೆಗಳು ಕನ್ನಡದಲ್ಲಿದ್ದು ಹುದ್ದೆಯ ವಿವರ, ಷರತ್ತುಗಳು ಇಂಗ್ಲಿಷಿನಲ್ಲೇ ಉಳಿದರೆ ಓದುವವರಿಗೆ ಅರ್ಧ ಸುದ್ದಿಯಷ್ಟೇ ಸಿಕ್ಕಂತೆ.

ಸರ್ಕಾರವೂ ಆನ್‌ಲೈನಿಗೆ ಬಂತು. 2015ರ ಜುಲೈ 20ರಂದು ರಾಷ್ಟ್ರೀಯ ವೃತ್ತಿ ಸೇವೆಯ ತಾಣ, 2021ರ ಆಗಸ್ಟಿನಲ್ಲಿ ಅಸಂಘಟಿತ ಕಾರ್ಮಿಕರ ‘ಇ-ಶ್ರಮ್’ ಆರಂಭವಾದವು. ಕರ್ನಾಟಕದ ಕೌಶಲ್ಯಾಭಿವೃದ್ಧಿ ಇಲಾಖೆ ‘ಸ್ಕಿಲ್ ಕನೆಕ್ಟ್’ ನಡೆಸುತ್ತಿದೆ. 1959ರ ಕಾಯಿದೆಯನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ವಿಲೀನಗೊಳಿಸಿ, ಹಳೆಯ ವಿನಿಮಯ ಕೇಂದ್ರದ ಜಾಗದಲ್ಲಿ ‘ವೃತ್ತಿ ಕೇಂದ್ರ’ವನ್ನು ತರಲಾಗಿದೆ.

ಯಂತ್ರದ ಆಯ್ಕೆ

ಈಚಿನ ಪ್ರವೃತ್ತಿಗಳಲ್ಲಿ ಎಲ್ಲಕ್ಕಿಂತ ಗಂಭೀರವಾದದ್ದು ಕೃತಕ ಬುದ್ಧಿಮತ್ತೆಯ ಬಳಕೆ. ಅಮೆಜಾನ್ 2014ರಿಂದ ಕಟ್ಟುತ್ತಿದ್ದ ಆಯ್ಕೆಯ ತಂತ್ರಾಂಶ, ಹಳೆಯ ನೇಮಕಾತಿಗಳಿಂದ ಕಲಿತು, ಮಹಿಳೆಯರ ಅರ್ಜಿಗಳನ್ನು ಕೆಳಗಿಡುತ್ತಿತ್ತು ಎಂಬ ಸುದ್ದಿ 2018ರಲ್ಲಿ ಹೊರಬಿತ್ತು. ಕಂಪನಿ ಆ ಯೋಜನೆಯನ್ನು ಕೈಬಿಟ್ಟಿತ್ತು. ವಿಡಿಯೊ ಸಂದರ್ಶನದಲ್ಲಿ ಅಭ್ಯರ್ಥಿಯ ಮುಖಭಾವ ಅಳೆಯುತ್ತಿದ್ದ ಹೈರ್‌ವ್ಯೂ, ಟೀಕೆಗಳ ನಂತರ ಅದನ್ನು ನಿಲ್ಲಿಸಿತು. ನ್ಯೂಯಾರ್ಕ್ ನಗರ 2023ರಿಂದ ಇಂಥ ಸಾಧನಗಳ ಪಕ್ಷಪಾತದ ತಪಾಸಣೆಯನ್ನು ಕಡ್ಡಾಯಗೊಳಿಸಿದೆ. ಐರೋಪ್ಯ ಒಕ್ಕೂಟದ 2024ರ ಕಾನೂನು ಇವನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿದೆ.

ಭಾರತಕ್ಕೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ವೆಲ್ 2007ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಪತ್ರಿಕಾ ಜಾಹೀರಾತುಗಳಿಗೆ ಸಮಾನ ಅರ್ಹತೆಯ, ಹೆಸರು ಮಾತ್ರ ಬೇರೆಯಾದ 4,808 ಅರ್ಜಿಗಳನ್ನು ಕಳಿಸಲಾಗಿತ್ತು. ಮೇಲ್ಜಾತಿಯ ಹೆಸರಿಗಿಂತ ದಲಿತ ಹೆಸರಿಗೆ ಕರೆ ಬರುವ ಸಂಭವ ಕಡಿಮೆಯಿತ್ತು, ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಅಂಥ ನೇಮಕಾತಿಗಳ ದಾಖಲೆಯನ್ನೇ ಉಣಿಸಿದರೆ ಯಂತ್ರ ಕಲಿಯುವುದೂ ಅದನ್ನೇ. ಇತ್ತ 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅಭ್ಯರ್ಥಿಗಳೂ ಯಂತ್ರದಿಂದಲೇ ಸ್ವವಿವರ ಬರೆಸುತ್ತಿದ್ದಾರೆ. ಒಂದೇ ಒತ್ತಿಗೆ ಅರ್ಜಿ ಹೋಗುವುದರಿಂದ ಅರ್ಜಿಗಳು ರಾಶಿ ಬೀಳುತ್ತವೆ, ರಾಶಿ ಸೋಸಲು ಮತ್ತೆ ಯಂತ್ರವೇ ಬೇಕಾಗುತ್ತದೆ. ತಿರಸ್ಕೃತ ಅರ್ಜಿದಾರರಿಗೆ ಕಾರಣ ತಿಳಿಯುವ ಹಕ್ಕು ಇರಬೇಕು. ತಾಣಗಳ ಮುಂದಿನ ಸುಧಾರಣೆ ಶುರುವಾಗಬೇಕಾದದ್ದು ಅಲ್ಲಿಂದ.

ವಂಚನೆ

ಸ್ವವಿವರದಲ್ಲಿ ಫೋನ್ ನಂಬರ್, ವಿಳಾಸ, ಹಿಂದಿನ ಸಂಬಳ ಎಲ್ಲವೂ ಇರುತ್ತವೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬರುವ ತನಕ ಇಂಥ ಮಾಹಿತಿಯ ರಕ್ಷಣೆಗೆಂದೇ ರೂಪಿಸಿದ ಸಮಗ್ರ ಕಾನೂನು ದೇಶದಲ್ಲಿ ಇರಲಿಲ್ಲ. ಮೋಸಗಾರರಿಗೆ ಇಂಥ ಮಾಹಿತಿಯೇ ಬಂಡವಾಳ. ಹೆಸರಾಂತ ಕಂಪನಿಯ ನಕಲಿ ಆಫರ್ ಲೆಟರ್ ಕಳಿಸಿ ‘ಸೆಕ್ಯೂರಿಟಿ ಡಿಪಾಸಿಟ್’ ಕೇಳುವುದು ಹಳೆಯ ವಿಧಾನ. ಟೆಲಿಗ್ರಾಂನಲ್ಲಿ ಸಣ್ಣಪುಟ್ಟ ‘ಟಾಸ್ಕ್’ ಕೊಟ್ಟು, ಮೊದಲು ನೂರಿನ್ನೂರು ರೂಪಾಯಿ ನೀಡಿ, ಆಮೇಲೆ ಲಕ್ಷಗಟ್ಟಲೆ ಕೀಳುವುದು ಈಚಿನದು. ಡೇಟಾ ಎಂಟ್ರಿ ಕೆಲಸವೆಂದು ನಂಬಿ ಕಾಂಬೋಡಿಯ, ಮ್ಯಾನ್ಮಾರ್, ಲಾವೋಸ್‌ಗೆ ಹೋದ ಭಾರತೀಯ ಯುವಕರು ಸೈಬರ್ ವಂಚನೆಯ ಕೇಂದ್ರಗಳಲ್ಲಿ ಸೆರೆಸಿಕ್ಕಿದ್ದಾರೆ. ಸರ್ಕಾರ ಹಲವರನ್ನು ಬಿಡಿಸಿ ತಂದಿದೆ. ವಿದೇಶಕ್ಕೆ ಕಳಿಸುವ ಏಜೆಂಟರ ನೋಂದಣಿಯನ್ನು ವಿದೇಶಾಂಗ ಸಚಿವಾಲಯದ ‘ಇ-ಮೈಗ್ರೇಟ್’ ತಾಣದಲ್ಲಿ ಯಾರು ಬೇಕಾದರೂ ಪರೀಕ್ಷಿಸಬಹುದು. ಕೆಲಸ ಕೊಡಲು ಹಣ ಕೇಳುವವರಿಗೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಕಳಿಸಿ ಮೋಸ ಹೋಗಿದ್ದರೆ ನಾಚಿಕೆಪಟ್ಟು ಸುಮ್ಮನಾಗದೆ ಆ ಕ್ಷಣವೇ ಸೈಬರ್ ವಂಚನೆಯ 1930 ಸಹಾಯವಾಣಿಗೆ ಕರೆಮಾಡಿ.