ಬಾಟಿಕ್ ಬಟ್ಟೆ ಮಾರಿ ಕಟ್ಟಿದ ಊರು

ಹೊಸೂರು ಸೀಮೆಯ ಕನ್ನಡ ಶಾಲೆಗಳವರಾದ ನಾವು ಮಕ್ಕಳನ್ನು ಮಹಾಬಲಿಪುರಕ್ಕೆ ಪ್ರವಾಸ ಕರೆದೊಯ್ಯುವುದುಂಟು. ಚೆನ್ನೈ ದಾಟಿ ಪೂರ್ವ ಕರಾವಳಿ ರಸ್ತೆ ಹಿಡಿದರೆ ಇಂಜಂಬಾಕ್ಕಂ ಸಿಗುತ್ತದೆ. ಅಲ್ಲಿ ಬಸ್ಸು ನಿಲ್ಲಿಸಿ ನೋಡಲೇಬೇಕಾದ ಒಂದು ಜಾಗವಿದೆ. ಅದು ಚೋಳಮಂಡಲ, ಕಲಾವಿದರೇ ಕಟ್ಟಿಕೊಂಡ ಊರು.

ಹೆಸರಿನಲ್ಲೇ ಇತಿಹಾಸವಿದೆ. ಚೋಳರ ನಾಡು ಚೋಳಮಂಡಲ. ಅದೇ ಯುರೋಪಿನವರ ಬಾಯಲ್ಲಿ ಕೋರಮಂಡಲ ಆಯಿತು.

ಮದ್ರಾಸಿನಲ್ಲಿ 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯರು ಕಲಾಶಾಲೆ ಆರಂಭಿಸಿದರು. ಚಿತ್ರದ ಜೊತೆಗೆ ಕರಕುಶಲ ಕೆಲಸವನ್ನೂ ಕಲಿಸುತ್ತಿದ್ದ ಶಾಲೆ ಅದು. ನೂರು ವರ್ಷಗಳ ನಂತರ ಕೆ.ಸಿ.ಎಸ್. ಪಣಿಕ್ಕರ್ ಅದರ ಪ್ರಾಂಶುಪಾಲರಾದರು. ತಮ್ಮ ಶಿಷ್ಯರ ಪಾಡು ಅವರನ್ನು ಕಾಡುತ್ತಿತ್ತು. ಆಗ ಚಿತ್ರ ಕೊಳ್ಳುವವರು ಕಡಿಮೆ. ಓದು ಮುಗಿದ ಮೇಲೆ ಹೊಟ್ಟೆಪಾಡಿಗೆ ಯಾವುದೋ ನೌಕರಿ ಹಿಡಿದರೆ ಕುಂಚ ಮೂಲೆ ಸೇರುತ್ತಿತ್ತು.

ಗುರು ಶಿಷ್ಯರು ಸೇರಿ ಒಂದು ದಾರಿ ಹುಡುಕಿದರು. ಬಾಟಿಕ್ ಬಟ್ಟೆಯಂಥ ಕರಕುಶಲ ವಸ್ತುಗಳನ್ನು ತಯಾರಿಸಿ ಮಾರಿದರು. ಆ ದುಡಿಮೆಯ ಬಲದಿಂದ 1966ರಲ್ಲಿ ಸಮುದ್ರದ ಪಕ್ಕ ಸುಮಾರು 10 ಎಕರೆ ಮರಳು ಭೂಮಿ ಕೊಂಡರು. ಮೂವತ್ತಕ್ಕೂ ಹೆಚ್ಚು ಕಲಾವಿದರು ಕೈಜೋಡಿಸಿದರು. ಮೊದಲು ಗುಡಿಸಲು, ಆಮೇಲೆ ಮನೆ, ಕೆಲಸದ ಕೊಠಡಿ, ಬಯಲು ರಂಗಮಂದಿರ. ಹಗಲು ಕೈಕಸುಬು ಅನ್ನ ಕೊಟ್ಟಿತು. ಉಳಿದ ಹೊತ್ತು ತಮ್ಮಿಷ್ಟದ ಚಿತ್ರ, ಶಿಲ್ಪಗಳಿಗೆ ಸಿಕ್ಕಿತು.

ಇದರಲ್ಲಿ ಕನ್ನಡದ ಪಾಲೂ ಇದೆ. ಸ್ಥಾಪಕರಲ್ಲಿ ಒಬ್ಬರಾದ ಎಸ್.ಜಿ. ವಾಸುದೇವ್ ಮೈಸೂರಿನವರು. 1970ರ 'ಸಂಸ್ಕಾರ' ಚಿತ್ರಕ್ಕೆ ಕಲಾ ನಿರ್ದೇಶನ ಮಾಡಿದವರು ಅವರೇ. ಮದ್ರಾಸಿನಲ್ಲಿ ಕಲಿತು, ಚೋಳಮಂಡಲದಲ್ಲಿ ಬಾಳಿ, ಅನಂತರ ಬೆಂಗಳೂರಿಗೆ ಬಂದರು. ಹೊರನಾಡಿನಲ್ಲಿದ್ದೂ ಕನ್ನಡದ ಕೆಲಸ ಮಾಡಬಹುದೆಂಬುದಕ್ಕೆ ನಾವು ಮಕ್ಕಳಿಗೆ ಹೇಳಬಹುದಾದ ಉದಾಹರಣೆ ಇದು.

ಪಣಿಕ್ಕರ್ 1977ರಲ್ಲಿ ತೀರಿಕೊಂಡರು. ಅವರ ಮಗ, ಶಿಲ್ಪಿ ಎಸ್. ನಂದಗೋಪಾಲ್ 2017ರಲ್ಲಿ ಹೋದರು. ಆ ತಲೆಮಾರಿನ ಕೃತಿಗಳಿಗಾಗಿ 2009ರಲ್ಲಿ ಅಲ್ಲಿ ಸಂಗ್ರಹಾಲಯ ತೆರೆಯಿತು. ಅಂದಿನ ಮರಳು ಭೂಮಿಯ ಸುತ್ತ ಈಗ ಮಹಾನಗರ ಬೆಳೆದು ನಿಂತಿದೆ. ಕಲಾವಿದರ ಮಕ್ಕಳೆಲ್ಲ ಕಲಾವಿದರೇ ಆಗಬೇಕೆಂದಿಲ್ಲವಲ್ಲ! ಹಾಗಾದರೆ ಊರು ಯಾರಿಂದ ಉಳಿಯಬೇಕು?

ಈ ಪ್ರಶ್ನೆ ನಮ್ಮದೂ ಹೌದು. ಗಡಿಯಾಚೆಯ ಕನ್ನಡ ಶಾಲೆಯನ್ನು ಅಜ್ಜ ಕಟ್ಟಿದರೆಂದ ಮಾತ್ರಕ್ಕೆ ಮೊಮ್ಮಗ ಉಳಿಸುತ್ತಾನೆಂಬ ಭರವಸೆಯಿಲ್ಲ. ಸರ್ಕಾರದಿಂದ ನಾವು ಕೇಳಬೇಕಾದದ್ದು ಬಹಳಷ್ಟಿದೆ, ಕೇಳೋಣ. ಆದರೆ ಚೋಳಮಂಡಲದವರು ಯಾರೋ ಬಂದು ಮನೆ ಕಟ್ಟಿಕೊಡಲೆಂದು ಕಾಯಲಿಲ್ಲ. ಕೈಯಲ್ಲಿದ್ದ ಕಸುಬನ್ನೇ ನಂಬಿದರು. ಮುಂದಿನ ಪ್ರವಾಸದಲ್ಲಿ ಮಕ್ಕಳಿಗೆ ಮಹಾಬಲಿಪುರದ ಕಲ್ಲುಗಳ ಜೊತೆ ಈ ಊರನ್ನೂ ತೋರಿಸೋಣ.