ಸಿನ್ಸ್ ಮತ್ತು ಫಾರ್

ಸಿನ್ಸ್ ಮತ್ತು ಫಾರ್ ಇಂಗ್ಲಿಷ್ ಭಾಷೆಯಲ್ಲಿ ಕಾಲವನ್ನು ಸೂಚಿಸಲು ಬಳಕೆಯಾಗುವ ಎರಡು ಪದಗಳು. ಕ್ರಿಯೆಯು ಎಂದು ಆರಂಭವಾಯಿತೆಂಬುದನ್ನು ಸಿನ್ಸ್ ತಿಳಿಸಿದರೆ, ಎಷ್ಟು ಕಾಲ ನಡೆಯಿತೆಂಬುದನ್ನು ಫಾರ್ ತಿಳಿಸುತ್ತದೆ. ಶಾಲಾ ವ್ಯಾಕರಣದಲ್ಲಿ ಇವುಗಳ ಜೊತೆಗೆ ಅಗೋ ಎಂಬ ಕ್ರಿಯಾವಿಶೇಷಣವನ್ನೂ ಕಲಿಸುವುದುಂಟು.

ಕನ್ನಡಿಗರಿಗೆ ಎದುರಾಗುವ ತೊಡಕು

ಕನ್ನಡದಲ್ಲಿ 'ಇಂದ' ಎಂಬ ಒಂದೇ ಪ್ರತ್ಯಯ ಈ ಎರಡೂ ಕೆಲಸಗಳನ್ನು ನಿರ್ವಹಿಸುತ್ತದೆ. 'ಸೋಮವಾರದಿಂದ ಜ್ವರವಿದೆ' ಎಂಬಲ್ಲಿ ಆರಂಭದ ದಿನವೂ 'ಮೂರು ದಿನಗಳಿಂದ ಜ್ವರವಿದೆ' ಎಂಬಲ್ಲಿ ಅವಧಿಯೂ ಹೇಳಲ್ಪಟ್ಟಿವೆ, ಪ್ರತ್ಯಯ ಬದಲಾಗಿಲ್ಲ. ಇಂಗ್ಲಿಷಿನಲ್ಲಿ ಮೊದಲನೆಯದಕ್ಕೆ 'ಸಿನ್ಸ್ ಮಂಡೇ' ಎಂದೂ ಎರಡನೆಯದಕ್ಕೆ 'ಫಾರ್ ತ್ರೀ ಡೇಸ್' ಎಂದೂ ಹೇಳಬೇಕು. 'ಸಿನ್ಸ್ ತ್ರೀ ಡೇಸ್' ಎಂಬ ತಪ್ಪು ಪ್ರಯೋಗದ ಮೂಲ ಇಲ್ಲಿದೆ. ಇದು ಕನ್ನಡಿಗರದಷ್ಟೇ ಸಮಸ್ಯೆಯಲ್ಲ. ಹಿಂದಿಯ 'ಸೇ', ಜರ್ಮನ್ ಭಾಷೆಯ 'ಝೈಟ್' ಪದಗಳೂ ಎರಡೂ ಅರ್ಥಗಳಲ್ಲಿ ಬಳಕೆಯಾಗುವುದರಿಂದ ಆ ಭಾಷಿಕರೂ ಇದೇ ತಪ್ಪು ಮಾಡುತ್ತಾರೆ.

ಕ್ರಿಯಾಪದದ ಕಾಲ

ಮೇಲಿನ ಕನ್ನಡ ವಾಕ್ಯಗಳಲ್ಲಿ ಕ್ರಿಯಾಪದ ವರ್ತಮಾನಕಾಲದಲ್ಲಿದೆ. ಅದನ್ನೇ ಅನುಸರಿಸಿ 'ಐ ಹ್ಯಾವ್ ಎ ಫೀವರ್ ಸಿನ್ಸ್ ಮಂಡೇ' ಎಂದರೆ ತಪ್ಪಾಗುತ್ತದೆ. ಹಿಂದೆ ಆರಂಭವಾಗಿ ಈಗಲೂ ಮುಂದುವರಿದಿರುವುದನ್ನು ಹೇಳಲು ಇಂಗ್ಲಿಷಿನಲ್ಲಿ ಪ್ರೆಸೆಂಟ್ ಪರ್ಫೆಕ್ಟ್ ರೂಪ ಬೇಕು: 'ಐ ಹ್ಯಾವ್ ಹ್ಯಾಡ್ ಎ ಫೀವರ್ ಸಿನ್ಸ್ ಮಂಡೇ'.

ಒಂದೇ ವರ್ಷದ ಬಗ್ಗೆ ಬರೆಯುವಾಗಲೂ ಕ್ರಿಯಾಪದ ಬೇರೆಯಾಗಬಹುದು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಹೆಸರಿಟ್ಟದ್ದು ಅಂದೇ ಮುಗಿದ ಘಟನೆಯಾದ್ದರಿಂದ 'ದಿ ಸ್ಟೇಟ್ ವಾಸ್ ರಿನೇಮ್ಡ್ ಇನ್ 1973' ಎಂದು ಸರಳ ಭೂತಕಾಲ ಬರುತ್ತದೆ. ಹೆಸರು ಇಂದಿಗೂ ಉಳಿದಿರುವುದರಿಂದ 'ಇಟ್ ಹ್ಯಾಸ್ ಬೀನ್ ಕಾಲ್ಡ್ ಕರ್ನಾಟಕ ಸಿನ್ಸ್ 1973' ಎನ್ನಬೇಕು.

ಫಾರ್ ಇದ್ದಲ್ಲೆಲ್ಲ ಪ್ರೆಸೆಂಟ್ ಪರ್ಫೆಕ್ಟ್ ಬರಬೇಕೆಂಬ ಪಾಠ ಅರ್ಧಸತ್ಯ. ಸರಳ ಭೂತಕಾಲದೊಡನೆಯೂ ಫಾರ್ ಬರುತ್ತದೆ, ಆದರೆ ಅರ್ಥ ಬೇರೆಯಾಗುತ್ತದೆ. ರೋಗಿಯು ವೈದ್ಯರಿಗೆ 'ಐ ಹ್ಯಾಡ್ ಎ ಫೀವರ್ ಫಾರ್ ತ್ರೀ ಡೇಸ್' ಎಂದರೆ ಜ್ವರ ಬಿಟ್ಟಿದೆಯೆಂದು ಅರ್ಥ. 'ಐ ಹ್ಯಾವ್ ಹ್ಯಾಡ್' ಎಂದರೆ ಇನ್ನೂ ಇದೆಯೆಂದು. ಉದ್ಯೋಗದ ಅರ್ಜಿಯಲ್ಲಿ 'ಐ ವರ್ಕ್ಡ್ ದೇರ್ ಫಾರ್ ಟೆನ್ ಇಯರ್ಸ್' ಎಂದು ಬರೆದವರು ಆ ಕೆಲಸವನ್ನು ಈಗಾಗಲೇ ಬಿಟ್ಟಿದ್ದಾರೆಂದೇ ಓದುವವರು ತಿಳಿಯುತ್ತಾರೆ.

ಅಗೋ

ಅಗೋ ಪದವು 'ಕಳೆದುಹೋದ' ಎಂಬರ್ಥದ ಹಳೆಯ ಇಂಗ್ಲಿಷ್ ಕೃದಂತದಿಂದ ಬಂದಿದೆ. ಇದರೊಡನೆ ಸರಳ ಭೂತಕಾಲ ಬರುತ್ತದೆ: 'ಶೀ ಲೆಫ್ಟ್ ಟೂ ಇಯರ್ಸ್ ಅಗೋ'. ಇಲ್ಲಿ ಎಣಿಕೆ ಮಾತನಾಡುವ ಹೊತ್ತಿನಿಂದ ಹಿಂದಕ್ಕೆ ಸಾಗುತ್ತದೆ. ಹಿಂದಿನ ಮತ್ತೊಂದು ಘಟನೆಯಿಂದ ಎಣಿಸಬೇಕಾದಾಗ ಅಗೋ ಬದಲು ಬಿಫೋರ್ ಬರುತ್ತದೆ, ಕ್ರಿಯಾಪದ 'ಹ್ಯಾಡ್ ಲೆಫ್ಟ್' ಆಗುತ್ತದೆ. ಕನ್ನಡದಲ್ಲಿ ಎರಡಕ್ಕೂ 'ಎರಡು ವರ್ಷಗಳ ಹಿಂದೆ' ಎಂದರೆ ಸಾಕು.